ಗಿರಣಿಯಲ್ಲಿ ಸಂಪಿ ಪುರಾಣ

ಕರೆಂಟ್ ಹೋದ ಕೂಡಲೇ ಗಂಟಲು ಸರಿಮಾಡಿಕೊಳ್ಳುವುದು ನನ್ನದೊಂದು ಅಭ್ಯಾಸ. ಬೇರೆಯವರು ಮೇಣದಬತ್ತಿ ಹುಡುಕುತ್ತಾರೆ, ಫ್ಯೂಸು ನೋಡುತ್ತಾರೆ, ಲೈನ್‌ಮನ್ನನ ಹಿಂದುಮುಂದಿನ ಪೀಳಿಗೆಯನ್ನೆಲ್ಲ ನೆನೆಸಿಕೊಳ್ಳುತ್ತಾರೆ. ನಾನು ಮಾತ್ರ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿ, ಒಂದು ಸಲ ಕೆಮ್ಮಿ, ಸಿದ್ಧಳಾಗಿಬಿಡುತ್ತೇನೆ. ಯಾತಕ್ಕೆ ಸಿದ್ಧಳಾದೆ ಎಂದು ಮನೆಯವರು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಕೇಳಿದರೆ ಅರ್ಧ ದಿನ ಹೋಗುತ್ತದೆ ಎಂದು ಅವರಿಗೆ ಗೊತ್ತು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ನಮ್ಮದು ನ್ಯಾಮತಿ. ನಾನು ಹುಟ್ಟುವ ಮೊದಲಿನಿಂದಲೂ ನಮ್ಮ ಮನೆಯ ಗೋಡೆಗೆ ಗೋಡೆ ತಾಗಿಸಿಕೊಂಡು ಒಂದು ಹಿಟ್ಟಿನ ಗಿರಣಿ ಇತ್ತು. ಬೋರ್ಡಿನ ಮೇಲೆ ಅಪ್ಪನ ಹೆಸರು. ನಡೆಸುತ್ತಿದ್ದವಳು ಅಪ್ಪನ ಅಕ್ಕ, ನಮ್ಮ ಗಿರಿಜತ್ತೆ. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಅಳುತ್ತಾ ಕೂರುವ ಬದಲು ಸ್ಟಾರ್ಟರ್ ಎಳೆಯುವುದನ್ನು ಕಲಿತಳಂತೆ. ಜೋಳಕ್ಕೆ ಕಲ್ಲು ಎಷ್ಟು ಬಿಗಿ ಇರಬೇಕು, ರಾಗಿಗೆ ಎಷ್ಟು, ಬೆಲ್ಟು ಜಾರಿದರೆ ಎಲ್ಲಿ ಒಂದು ಚೂರು ರಾಳ ಹಾಕಬೇಕು, ಎಲ್ಲವೂ ಅವಳ ಕೈಯಲ್ಲಿತ್ತು. ಹುಬ್ಬು, ರೆಪ್ಪೆ, ಮೂಗಿನ ತುದಿ ಸದಾ ಬೆಳ್ಳಗೆ. ಮೆಣಸಿನಕಾಯಿ ಪುಡಿ ಮಾಡುವ ದಿನ ಮಾತ್ರ ಕೆಂಪಗೆ.

ಗಿರಣಿಯ ಮಗ್ಗುಲಲ್ಲೇ ಬೆಳೆದವರಿಗೆ ಮೆತ್ತಗೆ ಮಾತಾಡುವುದು ಬರುವುದಿಲ್ಲ. ನಮ್ಮ ಮನೆಯಲ್ಲಿ "ಉಪ್ಪು ಕೊಡು" ಅನ್ನುವುದನ್ನೂ ಹೊಳೆಯ ಆಚೆ ದಡದವರಿಗೆ ಕೇಳುವಂತೆ ಹೇಳುತ್ತಿದ್ದೆವು. ಹೊಸದಾಗಿ ಬಂದ ನೆಂಟರು ಏನೋ ದೊಡ್ಡ ರಂಪ ನಡೆದಿದೆ ಎಂದು ಚೀಲ ಕೆಳಗಿಡದೆ ಬಾಗಿಲಲ್ಲೇ ನಿಲ್ಲುತ್ತಿದ್ದರು. ಹಾಗೆ ಪ್ರತಿ ಸಲವೂ ಬಾಗಿಲಲ್ಲಿ ನಿಲ್ಲುತ್ತಿದ್ದವರು ಅವ್ವನ ತಮ್ಮ, ಜಗಳೂರು ಮಾವ. ಊರಿನ ಹೆಸರಿನಲ್ಲಿ ಜಗಳವಿದ್ದರೂ ಮಾವನಷ್ಟು ಸೌಮ್ಯ ಮನುಷ್ಯರನ್ನು ನಾನು ನೋಡಿಲ್ಲ. ಪ್ರಾಥಮಿಕ ಶಾಲೆಯ ಮೇಷ್ಟ್ರು. ಬರುವಾಗ ಎಲ್ಲರ ಹಾಗೆ ಬಾಳೆಹಣ್ಣು ತರದೆ ಪುಸ್ತಕ ತರುತ್ತಿದ್ದರು, ಅದಕ್ಕೆ ಅವ್ವ ಒಳಗೊಳಗೇ ಗೊಣಗುತ್ತಿದ್ದಳು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಮಾವ ತಂದದ್ದು ಒಂದು ದಪ್ಪ ಕಾದಂಬರಿ. ಎಪ್ಪತ್ತರ ದಶಕದ ನಡುಭಾಗ ಅದು. ರಟ್ಟಿನ ಮೇಲೆ ರೆಕ್ಕೆ ಬಿಚ್ಚಿದ ಕೆಂಪು ಪ್ರಾಣಿ, ಬಾಯಲ್ಲಿ ಬೆಂಕಿ, ಅದರ ಕುತ್ತಿಗೆಯ ಮೇಲೆ ಎರಡು ಜಡೆಯ ಹುಡುಗಿ. ಕೆಳಗೆ ಸಣ್ಣ ಅಕ್ಷರದಲ್ಲಿ "ಮೊದಲನೆಯ ಭಾಗ". ಆ ಹುಡುಗಿಯ ಹೆಸರು ಸಂಪಿ, ವಯಸ್ಸು ಹನ್ನೊಂದು, ಅಂದರೆ ನನ್ನದೇ. ಸಮುದ್ರದ ದಂಡೆಯಲ್ಲಿ ಉಪ್ಪು ಮಾಡುವವರ ಮಗಳು. ಉಪ್ಪಿನ ರಾಶಿಯಲ್ಲಿ ಅವಳಿಗೊಂದು ಮೊಟ್ಟೆ ಸಿಗುತ್ತದೆ, ಅದರಿಂದ ಒಂದು ಡ್ರ್ಯಾಗನ್ ಮರಿ ಹೊರಬರುತ್ತದೆ, ಅವಳು ಅದಕ್ಕೆ ಕೆಂಡ ಎಂದು ಹೆಸರಿಡುತ್ತಾಳೆ. ಪುಸ್ತಕಕ್ಕೆ ಬೇರೇನೋ ಭಾರಿ ಹೆಸರಿತ್ತು. ನಮ್ಮ ಗಿರಣಿಯಲ್ಲಿ ಅದು "ಸಂಪಿ ಪುರಾಣ" ಎಂದೇ ಪ್ರಸಿದ್ಧವಾಯಿತು. ಹೇಗೆ ಅಂತೀರಾ?

ಆಗೆಲ್ಲ ದಿನಕ್ಕೆರಡು ಸಲ ಕರೆಂಟ್ ಹೋಗುವುದು ಸೂರ್ಯ ಹುಟ್ಟಿದಷ್ಟೇ ಸಹಜ. ಗಿರಣಿ ಒಂದು ಸಲ ನಿಟ್ಟುಸಿರು ಬಿಟ್ಟು ನಿಲ್ಲುತ್ತಿತ್ತು. ಡಬ್ಬಿಗಳನ್ನು ಪಾಳಿಗಿಟ್ಟ ಹೆಂಗಸರು ಹೊರಗಿನ ಬೇವಿನ ಮರದ ಕೆಳಗೆ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ ಕೂರುತ್ತಿದ್ದರು. ಒಂದು ಭಾನುವಾರ ಹಾಗೆ ಕೂತಿದ್ದಾಗ ನಾನು ಪುಸ್ತಕದಲ್ಲಿ ಮುಳುಗಿದ್ದೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ನೆನಪಿಲ್ಲ, ಅತ್ತೆಗೆ ಕುತೂಹಲವಾಯಿತು. ಒಬ್ಬಳೇ ನುಂಗುತ್ತಿದ್ದೀಯಲ್ಲ, ನಮಗೂ ಒಂಚೂರು ಬಡಿಸು ಅಂದಳು. ನಾನು ಗಟ್ಟಿಯಾಗಿ ಓದಲು ಬಾಯಿ ತೆಗೆದೆ. ಅತ್ತೆ ಕೈ ಅಡ್ಡ ಹಿಡಿದಳು.

ಪುಸ್ತಕ ಕೇಳುವುದೆಂದರೆ ಅತ್ತೆಗೆ ಗೊತ್ತಿದ್ದುದು ಒಂದೇ ರೀತಿ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುತ್ತಾರಲ್ಲ, ಹಾಗೆ. ಒಬ್ಬರು ಓದಬೇಕು, ಒಬ್ಬರು ಅರ್ಥ ಹೇಳಬೇಕು, ಉಳಿದವರು ಕಾಲು ಮಡಚಿ ಕೂತು ಕೇಳಬೇಕು. ಕಾಯಿ ಒಡೆದು ಶುರು ಮಾಡಿ ಮಂಗಳ ಹಾಡಿ ಮುಗಿಸಬೇಕು. ನಡುವೆ ಬಿಟ್ಟರೆ ಕೇಳಿದವರಿಗೂ ಒಳ್ಳೆಯದಲ್ಲ, ಓದಿದವರಿಗೂ ಅಲ್ಲ. ಆದ್ದರಿಂದ ನನ್ನ ಕೈಕಾಲು ತೊಳೆಸಿದಳು. ಒಂದು ಮಣೆ ತಂದು ಪುಸ್ತಕ ಇಡಿಸಿದಳು. ಕಾಯಿ ಒಡೆದಳು. ಆಮೇಲೆ ವಿಭೂತಿ ಗಟ್ಟಿ ತೇಯ್ದು ಮೂರು ಬೆರಳಿನಿಂದ ರಟ್ಟಿನ ಮೇಲಿದ್ದ ಡ್ರ್ಯಾಗನ್ನಿನ ಹಣೆಗೆ ಅಚ್ಚುಕಟ್ಟಾಗಿ ಎಳೆದಳು. ಮುಂದಿನ ಸಲ ಬಂದ ಮಾವ ಅದನ್ನು ಕಂಡು ಕನ್ನಡಕ ಒರೆಸಿ ಎರಡೆರಡು ಸಲ ನೋಡಿದರು.

ಅರ್ಥ ಹೇಳುವವರು ಯಾರು? ಆ ಹುದ್ದೆಗೆ ಹನುಮಕ್ಕ ತಾನಾಗಿಯೇ ನೇಮಕವಾದಳು. ಗೋವಿನಕೋವಿಯಿಂದ ತಲೆಯ ಮೇಲೆ ಜೋಳದ ಚೀಲ ಹೊತ್ತು ಬರುತ್ತಿದ್ದ ಹೆಂಗಸು. ಓದು ಬಾರದು, ಆದರೆ ಕೇಳಿದ ಪುರಾಣ ಒಂದನ್ನೂ ಮರೆತವಳಲ್ಲ. ನಾನು ಒಂದು ಪುಟ ಓದಿದರೆ ಅವಳು ಎರಡು ಪುಟದಷ್ಟು ಅರ್ಥ ಹೇಳುತ್ತಿದ್ದಳು. ಡ್ರ್ಯಾಗನ್ ಅಂದರೇನು ಎಂದು ಯಾರೋ ಕೇಳಿದರು. ನಾನು ತಬ್ಬಿಬ್ಬಾದೆ, ಹನುಮಕ್ಕ ಆಗಲಿಲ್ಲ.

"ಇದು ಶಿವನ ಕೊರಳಾಗಿಂದು ಕಣ್ರೇ," ಅಂದಳು. "ಸೇವೆ ಮಾಡಿ ಮಾಡಿ ರೆಕ್ಕೆ ಪಡಕಂಡೈತೆ. ನಂಜು ಕುಡಿದೋನ ಕೊರಳಾಗೆ ಇತ್ತಲ್ಲ, ಆ ಕಾವಿಗೆ ಬಾಯಾಗೆ ಬೆಂಕಿ ಬರ್ತೈತೆ."

ಇಷ್ಟು ಚೆನ್ನಾದ ಕಾರಣವನ್ನು ಬರೆದವರೂ ಕೊಟ್ಟಿರಲಿಲ್ಲ. ಅಲ್ಲಿದ್ದ ಯಾರೂ ಸಮುದ್ರ ಕಂಡವರಲ್ಲ, ನಾನೂ ಅಲ್ಲ. ಅದಕ್ಕೂ ಹನುಮಕ್ಕನೇ ದಾರಿ ತೋರಿಸಿದಳು. ಹೊನ್ನಾಳಿ ಸೇತುವೆಯ ಮೇಲೆ ನಿಂತು ಮಳೆಗಾಲದ ಹೊಳೆ ನೋಡಿದ್ದೀರಲ್ಲ, ಆಚೆ ದಡ ತೆಗೆದುಬಿಡಿ, ಅದೇ ಸಮುದ್ರ ಅಂದಳು. ಎಲ್ಲರೂ ಒಂದು ಗಳಿಗೆ ಕಣ್ಣು ಮುಚ್ಚಿ ದಡ ತೆಗೆದರು. ಮುಂದೆ ನಾನು ನಿಜವಾದ ಸಮುದ್ರ ನೋಡಿದಾಗ ನನಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ.

ಕಥೆ ಮುಂದೆ ಹೋಗುತ್ತಿದ್ದುದು ಕರೆಂಟ್ ಹೋದಾಗ ಮಾತ್ರ. ಹೀಗಾಗಿ ನ್ಯಾಮತಿಯಲ್ಲಿ ಕರೆಂಟ್ ಹೋಗಲಿ ಎಂದು ಹರಸಿಕೊಳ್ಳುವ ಒಂದು ಗುಂಪೇ ತಯಾರಾಯಿತು. ಸೇರು ಜೋಳ ತಂದು ಒಂದೇ ಸಲ ಬೀಸಿಸಿಕೊಂಡು ಹೋಗುತ್ತಿದ್ದವರು ದಿನಾ ಪಾವು ಪಾವು ತರತೊಡಗಿದರು. ಒಬ್ಬ ಅತ್ತೆಮ್ಮ ಬಂದು, ತನ್ನ ಸೊಸೆ ಮೂರು ರೊಟ್ಟಿಯ ಹಿಟ್ಟಿಗೆ ಮೂರು ತಾಸು ಕೂರುತ್ತಾಳೆ, ಇಲ್ಲಿ ಏನು ನಡೆಸಿದ್ದೀರಿ ಎಂದು ತರಾಟೆಗೆ ತೆಗೆದುಕೊಂಡರು. ಅಷ್ಟರಲ್ಲಿ ಕರೆಂಟ್ ಹೋಯಿತು. ಮರುದಿನದಿಂದ ಸೊಸೆ ಮನೆಯಲ್ಲಿ ಉಳಿದಳು, ಅತ್ತೆಮ್ಮ ಬರತೊಡಗಿದರು.

ಗಿರಿಜತ್ತೆ ಮಾತ್ರ ಅರ್ಥದ ಗೊಡವೆಗೆ ಹೋಗುತ್ತಿರಲಿಲ್ಲ. ಅವಳ ಚಿಂತೆಯೆಲ್ಲ ಸಂಪಿಯದು. ಅಷ್ಟು ಎತ್ತರದಲ್ಲಿ ಕೂಸಿಗೆ ಚಳಿ ಆಗುವುದಿಲ್ಲವೇ, ಹೊಟ್ಟೆಗೆ ಏನು ತಿನ್ನುತ್ತದೆ, ಅವ್ವನಿಗೆ ಹೇಳಿ ಹೋಗಿದೆಯೋ ಇಲ್ಲವೋ. ಪುಸ್ತಕದವರು ಇದಾವುದನ್ನೂ ಬರೆದಿರಲಿಲ್ಲ. ನಾನು ಆಗಾಗ ಸ್ವಂತದಿಂದ ಒಂದು ರೊಟ್ಟಿ ಸೇರಿಸಿ ಓದುತ್ತಿದ್ದೆ.

ಕೊನೆಯ ಪುಟ ಬಂದದ್ದು ಒಂದು ಮಧ್ಯಾಹ್ನ. ಕೆಂಡನ ಎಡರೆಕ್ಕೆಗೆ ಬಾಣ ತಾಗಿ ಹರಿದಿದೆ. ಕೆಳಗೆ ಸಮುದ್ರ, ಹಿಂದೆ ವೈರಿಗಳು, ಕತ್ತಲಾಗುತ್ತಿದೆ. ದೂರದಲ್ಲೊಂದು ದ್ವೀಪದ ದೀಪ ಕಾಣಿಸಿ ಮರೆಯಾಗುತ್ತದೆ. ಸಂಪಿ ಅವನ ಕುತ್ತಿಗೆಯನ್ನು ಅವುಚಿ ಹಿಡಿದಿದ್ದಾಳೆ. ಅಲ್ಲಿಗೆ ಮುಗಿಯಿತು. "ಎರಡನೆಯ ಭಾಗದಲ್ಲಿ ಮುಂದುವರಿಯುವುದು" ಎಂದಿತ್ತು. ಅದೇ ಹೊತ್ತಿಗೆ ಸರಿಯಾಗಿ ಕರೆಂಟ್ ಬಂದು ಗಿರಣಿಯ ಬಲ್ಬು ಹತ್ತಿಕೊಂಡಿತು. ಯಾರೂ ಡಬ್ಬಿಯ ಹತ್ತಿರ ಹೋಗಲಿಲ್ಲ, ಅತ್ತೆ ಸ್ಟಾರ್ಟರ್ ಮುಟ್ಟಲಿಲ್ಲ.

"ಮುಂದೆ ಓದು," ಅಂದಳು.

ಇಲ್ಲ ಅತ್ತೆ, ಎರಡನೇ ಭಾಗ ಇನ್ನೂ ಬಂದಿಲ್ಲವಂತೆ ಎಂದು ಹೇಳಿ ನಾನು ಪುಸ್ತಕ ಮುಚ್ಚಲು ಹೋದೆ. ಅತ್ತೆ ನನ್ನ ಕೈ ಹಿಡಿದಳು. ಮಂಗಳವಾಗದೆ ಪುಸ್ತಕ ಮುಚ್ಚುವಂತಿಲ್ಲ. ಹಾಗೇ ತೆರೆದ ಪುಟದ ಸಮೇತ ಮಣೆಯನ್ನು ಎತ್ತಿಕೊಂಡು ಹೋಗಿ ದೇವರ ಗೂಡಿನ ಪಕ್ಕದಲ್ಲಿಟ್ಟು ಮೇಲೊಂದು ಬಿಳಿ ಬಟ್ಟೆ ಹೊದಿಸಿದಳು. ಹೊರಗೆ ಬಂದು ಎಲ್ಲರೆದುರಿಗೆ ಎಲೆ ಅಡಿಕೆಯ ಚೀಲವನ್ನು ಸೊಂಟದಿಂದ ಬಿಚ್ಚಿ ಹನುಮಕ್ಕನ ಮಡಿಲಿಗೆ ಹಾಕಿದಳು. ಮಂಗಳ ಆಗುವವರೆಗೂ ಎಲೆ ಅಡಿಕೆ ಮುಟ್ಟುವುದಿಲ್ಲ ಎಂದಳು. ಅಡಿಕೆ ಬೆಳೆದು ಅಡಿಕೆ ಮಾರುವ ನಮ್ಮ ಸೀಮೆಯಲ್ಲಿ ಊಟ ಬಿಡುತ್ತೇನೆ ಅಂದರೆ ಯಾರಾದರೂ ನಂಬಬಹುದು, ಅಡಿಕೆ ಬಿಡುತ್ತೇನೆ ಅಂದರೆ ನಂಬುವುದು ಕಷ್ಟ. ಅತ್ತೆ ಬಿಟ್ಟಳು. ಒಂದು ವಾರ ಅವಳ ಹತ್ತಿರ ಹೋಗಲು ನಾಯಿಯೂ ಹೆದರಿತು.

ಆ ಎರಡನೇ ಭಾಗಕ್ಕೆ ನಾವು ಕಾದದ್ದು ಆರು ವರ್ಷ.

ನಾನು ಮಾವನಿಗೆ ಕಾರ್ಡು ಬರೆಯುತ್ತಿದ್ದೆ. ಮಾವನ ಉತ್ತರಗಳು ಒಂದೇ ಅಚ್ಚು. "ಇಲ್ಲಿ ಎಲ್ಲರೂ ಕ್ಷೇಮ. ಎರಡನೇ ಭಾಗ ಬಂದಿಲ್ಲ. ನಿಮ್ಮ ಅತ್ತೆಯವರಿಗೆ ನಮಸ್ಕಾರ." ಒಮ್ಮೆ ಮುದ್ರಣಾಲಯ ಮುಚ್ಚಿದೆಯಂತೆ ಎಂದು ಬರೆದರು, ಇನ್ನೊಮ್ಮೆ ಬರೆದವರಿಗೆ ಮೈ ಸರಿಯಿಲ್ಲವಂತೆ ಎಂದು. ಎರಡನೆಯದನ್ನು ನಾನು ಅತ್ತೆಗೆ ಹೇಳಿದ ದಿನ ಅವಳು ಆ ಕಾಣದ ಮನುಷ್ಯರ ಹೆಸರಿನಲ್ಲಿ ಒಂದು ತುಪ್ಪದ ದೀಪ ಹಚ್ಚಿದಳು. ಚನ್ನಗಿರಿಗೆ ಮದುವೆಗೆ ಹೋದಾಗ ನಾನು ಊಟದ ಪಂಕ್ತಿ ತಪ್ಪಿಸಿಕೊಂಡು, ಬಾಡಿಗೆಗೆ ಕಾದಂಬರಿ ಕೊಡುವ ಒಂದು ಪುಟ್ಟ ಅಂಗಡಿ ಹುಡುಕಿಕೊಂಡು ಹೋದೆ. ರೆಕ್ಕೆ ಇರುವ, ಹಾವಿನಂಥ ಪ್ರಾಣಿಯ ಪುಸ್ತಕ ಎಂದು ವಿವರಿಸಿದೆ. ಅಂಗಡಿಯಾತ ತಾಳ್ಮೆಯಿಂದ ಕೇಳಿ, ಒಳಗೆ ಹೋಗಿ, ಹಾವು ಕಚ್ಚಿದರೆ ಏನು ಮಾಡಬೇಕು ಎಂಬ ತೆಳ್ಳನೆಯ ಪುಸ್ತಕ ತಂದುಕೊಟ್ಟ. ವಾಪಸು ಬಂದಾಗ ಹೋಳಿಗೆ ಖಾಲಿಯಾಗಿತ್ತು.

ಆಮೇಲೆ ನಾನು ಹೈಸ್ಕೂಲು ಮೆಟ್ಟಿಲು ಹತ್ತಿ ದೊಡ್ಡವಳಾದೆ. ಅಂದರೆ ಹಾಗಂತ ನಾನು ತಿಳಿದುಕೊಂಡೆ. ಅತ್ತೆ ಸೋಮವಾರ ಸೋಮವಾರ ಆ ತೆರೆದ ಪುಸ್ತಕದ ಧೂಳು ಹೊಡೆಯುತ್ತಾ, ಕೂಸು ಇನ್ನೂ ಅಲ್ಲೇ ತೂಗಾಡ್ತೈತಲ್ಲೇ ಎಂದು ನಿಟ್ಟುಸಿರು ಬಿಟ್ಟರೆ ನನಗೆ ನಾಚಿಕೆಯಾಗುತ್ತಿತ್ತು. ಗೆಳತಿಯರು ಮನೆಗೆ ಬಂದಿದ್ದ ಒಂದು ದಿನ ಸಿಡುಕಿಬಿಟ್ಟೆ. ಅದು ಯಾರೋ ಕೂತು ಕಟ್ಟಿದ ಕಥೆ, ಎಲ್ಲ ಸುಳ್ಳು, ಮೇಲೆ ಯಾವ ಕೂಸೂ ಇಲ್ಲ ಅಂದೆ.

"ಸುಳ್ಳಾದ್ರೇನು," ಅಂದಳು ಅತ್ತೆ, ಧೂಳು ಹೊಡೆಯುತ್ತಲೇ. "ಕೂಸು ಕೂಸೇ ಅಲ್ಲೇನು."

ನಾನು ಗೆಳತಿಯರನ್ನು ಎಳೆದುಕೊಂಡು ಹೊರಗೆ ಹೋದೆ.

ಇಷ್ಟರ ನಡುವೆ ನಮ್ಮ ಮೂಗಿನ ಕೆಳಗೇ ಒಂದು ಸಂಗತಿ ನಡೆಯುತ್ತಿತ್ತು, ನಾವು ನೋಡಲಿಲ್ಲ. ಅತ್ತೆಯ ಕಿವಿ ಹೋಗುತ್ತಿತ್ತು. ಗಿರಣಿಯಲ್ಲಿ ಹೇಗೂ ಯಾರಿಗೂ ಏನೂ ಕೇಳುವುದಿಲ್ಲ, ಎಲ್ಲರೂ ಎಲ್ಲರ ಬಾಯಿ ನೋಡಿಯೇ ಅರ್ಥ ಮಾಡಿಕೊಳ್ಳುವುದು. ಮೂವತ್ತು ವರ್ಷ ಹಾಗೆ ಮಾಡಿ ಮಾಡಿ ಅವಳಿಗೆ ತನ್ನ ಕಿವಿ ಯಾವಾಗ ಕೈಬಿಟ್ಟಿತು ಎಂಬುದೇ ಗೊತ್ತಾಗಿರಲಿಲ್ಲವೋ ಏನೋ. ಗದ್ದಲದಲ್ಲಿ ಮುಚ್ಚಿಹೋಗಿದ್ದ ಕಿವುಡು ಹೊರಬಿದ್ದದ್ದು ನಿಶ್ಶಬ್ದದಲ್ಲಿ. ಕರೆಂಟ್ ಹೋದ ಒಂದು ಮಧ್ಯಾಹ್ನ, ಹಿಂದಿನಿಂದ ಅವಳನ್ನು ಕರೆದೆ. ತಿರುಗಲಿಲ್ಲ. ಮತ್ತೆ ಕರೆದೆ. ನಮ್ಮ ಮನೆಯ ಗಂಟಲಿನಲ್ಲಿ ಕರೆದೆ. ಬೇವಿನ ಮರದ ಕಾಗೆ ಹಾರಿಹೋಯಿತು, ಅತ್ತೆ ಡಬ್ಬಿಯ ಹಿಟ್ಟು ಕೊಡವುತ್ತಲೇ ಇದ್ದಳು.

ದಾವಣಗೆರೆಯ ಡಾಕ್ಟರು ನರವೇ ಹೋಗಿದೆ, ಯಂತ್ರ ಇಟ್ಟರೂ ಪ್ರಯೋಜನವಿಲ್ಲ ಎಂದರು. ಅತ್ತೆ ಅಳಲಿಲ್ಲ. ಮಾರನೆಯ ದಿನ ಎಂದಿನಂತೆ ಸ್ಟಾರ್ಟರ್ ಎಳೆದಳು. ಆದರೆ ಮನೆಯಲ್ಲಿ ಬೇರೆಯದೇ ಒಂದು ಅಭ್ಯಾಸ ಬೆಳೆಯಿತು. ಎಲ್ಲರೂ ಏನಕ್ಕೋ ನಗುತ್ತಿದ್ದರೆ ಅವಳು ಏನಂತೆ ಎಂದು ಕೇಳುವಳು. ಯಾರಾದರೂ ಕೈ ಆಡಿಸಿ "ಏನಿಲ್ಲ" ಅನ್ನುವರು. ಊರ ಸುದ್ದಿ, ಮದುವೆ ಮಾತು, ಸಾವಿನ ಸುದ್ದಿ, ಎಲ್ಲಕ್ಕೂ ಎರಡು ಮಾತು ಹೇಳಿ ಉಳಿದದ್ದು ಏನಿಲ್ಲ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಸಾವಕಾಶವಾಗಿ ಬಾಯಿ ಬಿಡಿಸಿ ಹೇಳುವ ವ್ಯವಧಾನ ಇರಲಿಲ್ಲ. ನನಗೂ ಇರಲಿಲ್ಲ.

ಅಂಥ ಹೊತ್ತಿನಲ್ಲಿ, ನಾನು ಪಿಯುಸಿ ಓದುತ್ತಿದ್ದಾಗ, ಮಾವ ಬಂದರು. ಯಾವತ್ತೂ ಬಾಗಿಲಲ್ಲಿ ನಿಲ್ಲುವ ಮನುಷ್ಯರು ಅವತ್ತು ಚಪ್ಪಲಿ ಬಿಡುವುದನ್ನೂ ಮರೆತು ನೇರ ಗಿರಣಿಯೊಳಗೆ ನುಗ್ಗಿದರು. ಕೈಯಲ್ಲಿ ದಿನಪತ್ರಿಕೆ ಸುತ್ತಿದ ಕಟ್ಟು. ಅತ್ತೆ ಕಟ್ಟು ಬಿಚ್ಚಿದಳು. ರಟ್ಟಿನ ಮೇಲೆ ಅದೇ ಕೆಂಪು ಪ್ರಾಣಿ, ಅದೇ ಎರಡು ಜಡೆ. ಹಿಟ್ಟಿನ ಕೈಯಲ್ಲೇ ಅದರ ಹಣೆಗೆ ಮೂರು ಬೆರಳು ಎಳೆದಳು. ಮುಖ ಎತ್ತಿ ನನ್ನನ್ನು ನೋಡಿದಳು. ಆ ಮುಖದಲ್ಲಿದ್ದ ಸಂತೋಷ ಒಂದು ಗಳಿಗೆಯಲ್ಲಿ ಕರಗಿದ್ದನ್ನು ನಾನು ಕಂಡೆ. ಅವಳಿಗೂ ಓದು ಬಾರದು; ಪುಸ್ತಕವೇನೋ ಬಂತು, ಕೇಳಲು ಕಿವಿ ಎಲ್ಲಿದೆ?

ಅವತ್ತೇ ಸಂಜೆ ನಾನು ಅವಳ ಕಿವಿಯ ಹತ್ತಿರ ಕೂತು ಕೂಗಿ ಓದಲು ನೋಡಿದೆ. ಮೊದಲ ಪ್ಯಾರಾ ಮುಗಿಯುವಷ್ಟರಲ್ಲಿ ಮೂರು ಮನೆಯವರು ಓಡಿ ಬಂದರು. ಅತ್ತೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಕೂಗಬ್ಯಾಡ," ಅಂದಳು. "ಎದುರಿಗೆ ಕೂತ್ಕ. ಬಾಯಿ ಕಾಣಂಗೆ ಓದು."

ಹೇಳಿದಷ್ಟು ಸುಲಭವಲ್ಲ ಅದು. ಪುಸ್ತಕ ನೋಡಿದರೆ ಬಾಯಿ ಕಾಣುವುದಿಲ್ಲ, ಬಾಯಿ ತೋರಿಸಿದರೆ ಪುಸ್ತಕ ಕಾಣುವುದಿಲ್ಲ. ಕೊನೆಗೆ ಒಂದು ಉಪಾಯಕ್ಕೆ ಬಂದೆವು. ತಲೆ ಬಗ್ಗಿಸಿ ಒಂದು ಸಾಲು ಮನಸ್ಸಿಗೆ ತೆಗೆದುಕೊಳ್ಳುವುದು, ಮುಖ ಎತ್ತಿ ಅವಳಿಗೆ ಹೇಳುವುದು, ಮತ್ತೆ ತಲೆ ಬಗ್ಗಿಸುವುದು. ದಿನಕ್ಕೆ ಎರಡು ಪುಟ ಓದಿದರೆ ಹೆಚ್ಚು. ಕಷ್ಟದ ಮಾತು ಬಂದರೆ ಅವಳ ಅಂಗೈ ಮೇಲೆ ಚಿತ್ರ ಬರೆಯುತ್ತಿದ್ದೆ.

ಒಂದು ವಾರದ ಮೇಲೆ ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಇದಕ್ಕೆ ಕರೆಂಟ್ ಹೋಗುವವರೆಗೆ ಯಾಕೆ ಕಾಯಬೇಕು? ಅಂದಿನಿಂದ ಗಿರಣಿ ಓಡುತ್ತಿರುವಾಗಲೇ ಓದತೊಡಗಿದೆವು. ಮೇಲೆ ಬೆಲ್ಟು ಪಟಪಟ ಹೊಡೆದುಕೊಳ್ಳುತ್ತಿತ್ತು, ಕಲ್ಲು ಗುಡುಗುತ್ತಿತ್ತು, ಅತ್ತೆಯ ಒಂದು ಕೈ ಇಳಿಯುವ ಹಿಟ್ಟಿನ ಬಿಸಿ ನೋಡುತ್ತಿತ್ತು, ಕಣ್ಣು ನನ್ನ ತುಟಿಯ ಮೇಲಿರುತ್ತಿತ್ತು. ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಇಡೀ ಗಿರಣಿಯಲ್ಲಿ ಆ ಕಥೆ ಗೊತ್ತಾಗುತ್ತಿದ್ದುದು ನಮ್ಮಿಬ್ಬರಿಗೆ ಮಾತ್ರ. ಪಾಳಿಯಲ್ಲಿ ನಿಂತ ಹೆಂಗಸರು ಕತ್ತು ಉದ್ದ ಮಾಡಿ ಮಾಡಿ ಸೋತರು. ಹನುಮಕ್ಕನಿಗೆ ಸಿಟ್ಟು ಬಂದು ಎರಡು ದಿನ ಗೋವಿನಕೋವಿಯಲ್ಲೇ ಉಳಿದಳು. ಆಮೇಲೆ ಒಂದು ಒಪ್ಪಂದವಾಯಿತು. ಕರೆಂಟ್ ಹೋದಾಗ ಅತ್ತೆ ತಾನು ಕಂಡಷ್ಟು ಕಥೆಯನ್ನು ಎಲ್ಲರಿಗೂ ಹೇಳುವುದು, ಹನುಮಕ್ಕ ಅರ್ಥ ಹೇಳುವುದು. ಮೂರು ಕೈ ದಾಟಿದ ಆ ಕಥೆಯನ್ನು ಬರೆದವರು ಕೇಳಿದ್ದರೆ ಗುರುತು ಹಿಡಿಯುತ್ತಿದ್ದರೋ ಇಲ್ಲವೋ.

ನಾಲ್ಕು ತಿಂಗಳು ಹಾಗೆ ನಡೆಯಿತು. ಕೆಂಡ ದ್ವೀಪ ಸೇರಿ ರೆಕ್ಕೆ ವಾಸಿಯಾಯಿತು. ವೈರಿಗಳು ಸೋತರು. ಇನ್ನು ಒಂದು ಅಧ್ಯಾಯ ಉಳಿದಿತ್ತು. ನನಗೆ ತಡೆಯಲಾಗಲಿಲ್ಲ, ಅಟ್ಟದ ಮೇಲೆ ಕೂತು ಕಳ್ಳತನದಿಂದ ಮುಂಚಿತವಾಗಿ ಓದಿಬಿಟ್ಟೆ. ಓದಿ ಬರೆದವರ ಮೇಲೆ ಎಲ್ಲಿಲ್ಲದ ಕೋಪ ಬಂತು. ಸಂಪಿ ಕೆಳಗೆ ಇಳಿಯುವುದೇ ಇಲ್ಲ. ಕೆಂಡ ಇನ್ನೊಮ್ಮೆ ನೆಲ ಮುಟ್ಟಿದರೆ ಕಲ್ಲಾಗುತ್ತಾನೆ ಎಂದು ಶಾಪ. ದಂಡೆಯಲ್ಲಿ ಅವ್ವ ನಿಂತಿದ್ದಾಳೆ, ಸಂಪಿ ಒಬ್ಬಳೇ ನೀರಿಗೆ ಧುಮುಕಿ ಈಜಿ ದಡ ಸೇರಬಹುದು. ಅವಳು ಅವ್ವನಿಗೆ ಕೈ ಬೀಸುತ್ತಾಳೆ, ಕೆಂಡನನ್ನು ಒಬ್ಬನೇ ಬಿಡಲಾರದೆ ಮೇಲೆ ಮೇಲೆ ಹೋಗಿ ಕಣ್ಮರೆಯಾಗುತ್ತಾಳೆ. ಇದನ್ನು ಹೇಳಲೇ ನಾನು ಅತ್ತೆಗೆ, ಆರು ವರ್ಷ ಅಡಿಕೆ ಬಿಟ್ಟು ಕೂತವಳಿಗೆ? ಕಿವಿಯೂ ಹೋದವಳಿಗೆ? ಸಾಧ್ಯವಿಲ್ಲ ಅನ್ನಿಸಿತು. ಅಟ್ಟದಿಂದ ಇಳಿಯುವಷ್ಟರಲ್ಲಿ ನನ್ನದೇ ಒಂದು ಕೊನೆ ತಯಾರು ಮಾಡಿಕೊಂಡಿದ್ದೆ.

ಕೊನೆಯ ದಿನ ಗಿರಣಿಯಲ್ಲಿ ರಾಗಿ ಬೀಳುತ್ತಿತ್ತು. ದಂಡೆ ಕಾಣುವವರೆಗೆ ಪುಸ್ತಕದಲ್ಲಿದ್ದದ್ದನ್ನೇ ಓದಿದೆ. ಅಲ್ಲಿಂದ ನನ್ನದು ಶುರುವಾಯಿತು. ಕೆಂಡ ಮೆತ್ತಗೆ ಮರಳಿನ ಮೇಲೆ ಇಳಿದ, ಸಂಪಿ ಓಡಿಹೋಗಿ ಅವ್ವನನ್ನು ತಬ್ಬಿಕೊಂಡಳು, ಅವ್ವ ಬಿಸಿ ರೊಟ್ಟಿ ಬಡಿಸಿದಳು. ಬಹಳ ಚೆನ್ನಾಗಿ ಹೇಳಿದೆ ಎಂದೇ ನನ್ನ ಎಣಿಕೆ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು. ಎದ್ದು ಹೋಗಿ ಮೋಟಾರು ನಿಲ್ಲಿಸಿದಳು. ನಡುವೆ ರಾಗಿ ಇದ್ದಾಗ ಅವಳು ಗಿರಣಿ ನಿಲ್ಲಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಇದು ಪುಸ್ತಕದಾಗೆ ಇಲ್ಲ," ಅಂದಳು.

"ಐತೆ ಅತ್ತೆ."

"ಒಂದೊಂದು ಸಾಲಿಗೂ ಕೆಳಗೆ ನೋಡಿ ಮುಖ ಎತ್ತುತಿದ್ದೆ. ಈಗ ಆಗ್ಲಿಂದ ಕೆಳಗೆ ನೋಡೇ ಇಲ್ಲ ನೀನು."

ನಾನು ತಲೆ ತಗ್ಗಿಸಿದೆ. ಅತ್ತೆ ನನ್ನ ಗದ್ದ ಹಿಡಿದು ಮೇಲೆತ್ತಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಕಿವಿ ಹೋದ ಮ್ಯಾಲೆ ಎಲ್ರೂ ನನಗೆ ಅರ್ಧ ಹೇಳ್ತಾರೆ ಕಣೇ," ಅಂದಳು. "ನಿಮ್ಮಪ್ಪನೂ ಅರ್ಧ ಹೇಳ್ತಾನೆ, ನಿಮ್ಮವ್ವನೂ ಅರ್ಧ ಹೇಳ್ತಾಳೆ. ಈ ನಾಕು ತಿಂಗಳು ನೀನೊಬ್ಬಾಕೆ ಪೂರ್ತಿ ಹೇಳ್ತಿದ್ದೆ. ಈಗ ನೀನೂ ಏನಿಲ್ಲ ಅಂದುಬಿಟ್ಟೆಯಲ್ಲೇ."

ಅವಳ ಕಣ್ಣು ತುಂಬಿತ್ತು. ರೆಪ್ಪೆಯ ಹಿಟ್ಟು ಒದ್ದೆಯಾಗಿ ಕೆನ್ನೆಗೆ ಇಳಿಯಿತು. ಅವಳು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ತಪ್ಪಾಯಿತು ಅತ್ತೆ ಎಂದು ಬಾಯಿ ಕಾಣುವಂತೆ ಹ್ಯಾಗೋ ಹೇಳಿದೆ. ಆಮೇಲೆ ಒಂದೊಂದು ಸಾಲಿಗೂ ತಲೆ ಬಗ್ಗಿಸಿ, ಮುಖ ಎತ್ತಿ, ಇದ್ದದ್ದನ್ನು ಇದ್ದ ಹಾಗೆ ಓದಿದೆ. ಶಾಪ ಓದಿದೆ. ದಂಡೆಯ ಅವ್ವನನ್ನು ಓದಿದೆ. ಕೈ ಬೀಸಿದ್ದು, ಮೇಲೆ ಹೋದದ್ದು, ಕಾಣದಾದದ್ದು ಎಲ್ಲವನ್ನೂ ಓದಿ ಮುಗಿಸಿ ಅವಳನ್ನು ನೋಡಲು ಧೈರ್ಯ ಸಾಲದೆ ಕೂತೆ.

ಅತ್ತೆ ನಕ್ಕಳು. ನನ್ನ ತಲೆಗೆ ಒಂದು ಮೊಟಕಿದಳು. "ಹುಚ್ಚಿ. ಯಾವ ಪುರಾಣದಾಗೆ ಕೆಳಗೆ ಬಂದು ಮಂಗಳ ಆಗೈತೆ? ಈ ದೇಹದಾಗೇ ಮ್ಯಾಲೆ ಹೋದ್ರೆ ಅದೇ ಮಂಗಳ. ಕೂಸು ಆಕಡೆಗೂ ಇಲ್ಲ, ಈಕಡೆಗೂ ಇಲ್ಲ ಅಂತ ಇತ್ತು ನನ್ನ ಸಂಕಟ. ಈಗ ಒಂದು ಕಡೆ ಮುಟ್ತಲ್ಲ."

ನಾನು ಬೆಪ್ಪಾದೆ. ಶರಣರು, ಭಕ್ತರು, ಎಲ್ಲರೂ ಕೊನೆಗೆ ಹೋಗುವುದು ಕೈಲಾಸಕ್ಕೆ; ಮರಳಿ ಮನೆಗೆ ಬಂದು ರೊಟ್ಟಿ ತಿಂದರೆಂದು ಯಾವ ಮಠದಲ್ಲೂ ಓದಿದ್ದಿಲ್ಲ. ಹುಟ್ಟಿದಾಗಿನಿಂದ ಕೇಳಿದ ನನಗೆ ಇಷ್ಟು ಹೊಳೆಯಲಿಲ್ಲ ನೋಡಿ, ಪಿಯುಸಿ ಓದಿ ಏನು ಬಂತು? ಹನುಮಕ್ಕನನ್ನು ಕರೆದು ಹೇಳಿದಾಗ ಅವಳಿಗಂತೂ ಮೊದಲೇ ಗೊತ್ತಿತ್ತಂತೆ. ಶಿವನ ಕೊರಳಾಗಿಂದು ಶಿವನ ಕೊರಳಿಗೆ ಹೋಗದೆ ಇನ್ನೆಲ್ಲಿಗೆ ಹೋದೀತು ಅಂದಳು. ಆ ಸೋಮವಾರ ಬೇವಿನ ಮರದ ಕೆಳಗೆ ಮಂಗಳವಾಯಿತು. ಆರು ವರ್ಷ ತೆರೆದಿದ್ದ ಪುಸ್ತಕವನ್ನು ಅತ್ತೆ ತಾನೇ ಮುಚ್ಚಿದಳು, ಬೆನ್ನು ಸೆಟೆದುಹೋಗಿ ಅದು ಅರ್ಧಕ್ಕೇ ಮುಚ್ಚಿತು. ಹನುಮಕ್ಕ ಎಲೆ ಅಡಿಕೆ ಮಡಚಿ ಕೈಗಿಟ್ಟಳು. ಅಷ್ಟು ವರ್ಷದ ಮೇಲೆ ಹಾಕಿಕೊಂಡದ್ದಕ್ಕೆ ಅತ್ತೆಗೆ ತಲೆ ಸುತ್ತಿತು, ಆದರೂ ಹಿಟ್ಟಿನ ಚೀಲಕ್ಕೆ ಒರಗಿ ಕೂತು, ಏನೂ ಆಗಿಲ್ಲದವಳಂತೆ ಅಗಿದಳು.

ಇಲ್ಲಿಗೆ ನಿಲ್ಲಿಸಬಹುದು. ಆದರೆ ಪೂರ್ತಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಮೂರು ವರ್ಷದ ಮೇಲೆ ಅತ್ತೆಗೆ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಅಪ್ಪ, ನಾನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಡಾಕ್ಟರು ನಮ್ಮಿಬ್ಬರನ್ನು ವರಾಂಡಕ್ಕೆ ಕರೆದು, ಕೈ ಮೀರಿದೆ, ಮಳೆಗಾಲ ದಾಟುವುದು ಕಷ್ಟ ಎಂದರು. ಅಪ್ಪ ಕಂಬ ಹಿಡಿದು ನಿಂತರು. ಸ್ವಲ್ಪ ಹೊತ್ತಿನ ಮೇಲೆ ಟವೆಲಿನಿಂದ ಮುಖ ಒರೆಸಿಕೊಂಡು, ಅಕ್ಕನಿಗೆ ಏನಿಲ್ಲ ಅಂತ ಹೇಳಾನ ಅಂದರು. ನಾನು ಒಪ್ಪಲಿಲ್ಲ. ಅಪ್ಪನ ಮಾತು ಮೀರಿದ್ದು ನಾನು ಅದೇ ಮೊದಲು.

ಒಳಗೆ ಹೋದೆ. ಅತ್ತೆ ಮಂಚದ ಮೇಲೆ ಎದ್ದು ಕೂತು ಬಾಗಿಲ ಕಡೆಗೇ ನೋಡುತ್ತಿದ್ದಳು. ಸ್ಟೂಲನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡೆ, ನನ್ನ ಮುಖದ ಮೇಲೆ ಬೆಳಕು ಬೀಳುವಂತೆ ಕೂತೆ. ಡಾಕ್ಟರು ಹೇಳಿದ್ದನ್ನು ಒಂದು ಮಾತೂ ಬಿಡದೆ, ನಿಧಾನವಾಗಿ, ತುಟಿ ಬಿಡಿಸಿ ಹೇಳಿದೆ. ನಡುವೆ ಎರಡು ಸಲ ಬಾಯಿ ನಡುಗಿತು. ಅವಳಿಗೆ ತಿಳಿಯದೆ ಹೋಯಿತೇನೋ ಎಂದು ಆ ಎರಡು ಮಾತನ್ನು ಮತ್ತೆ ಹೇಳಿದೆ. ಅತ್ತೆ ನನ್ನ ಬಾಯನ್ನೇ ನೋಡುತ್ತಾ ಕೊನೆಯವರೆಗೂ ಅಲುಗದೆ ಕೂತಿದ್ದಳು.

ಆಮೇಲೆ ನನ್ನ ಕೆನ್ನೆ ಒರೆಸಿ, "ಚೆನ್ನಾಗಿ ಹೇಳಿದೆ ಕಣೇ" ಅಂದಳು.